ಸ್ಪೀಡ್ ಟೆಸ್ಟ್ ಫುಲ್ ಬರುತ್ತೆ, ಪೇಜ್ ಮಾತ್ರ ಓಪನ್ ಆಗಲ್ಲ. ಡಿಎನ್‌ಎಸ್ ಕ್ಯಾಶ್ ಫ್ಲಶ್ ಮಾಡಿ ಅಂತಾರೆ, ಮಾಡಿದ್ರೆ ಏನೂ ತೊಂದ್ರೆ ಇಲ್ವಾ?

ಅಂಗಡಿ_ಸುಮಾ:

ಎಲ್ರಿಗೂ ನಮಸ್ಕಾರ. ಕಡೂರು ಹತ್ರ ನಮ್ದೊಂದು ಝೆರಾಕ್ಸ್ ಅಂಗಡಿ, ಜೊತೆಗೆ ಆನ್‌ಲೈನ್ ಅರ್ಜಿ ಹಾಕೋದು, ಪಹಣಿ ತೆಗೆದುಕೊಡೋದು, ಪ್ಯಾನ್ ಕಾರ್ಡು ಇವೆಲ್ಲ ಮಾಡ್ತೀವಿ. ವಿಂಡೋಸ್ 10 ಕಂಪ್ಯೂಟರು, ಕ್ರೋಮ್ ಯೂಸ್ ಮಾಡೋದು. ಹೋದ ವಾರ ಹಳೇ ಕೇಬಲ್ ನೆಟ್ ತೆಗೆಸಿ ಬೇರೆಯವರ ಫೈಬರ್ ಹಾಕಿಸಿದ್ವಿ, ಅವತ್ತಿಂದ ಶುರುವಾಯ್ತು ನೋಡಿ ಕಾಟ. ಯಾವುದೇ ಸೈಟ್ ಹೊಡೆದ್ರೂ ಐದಾರು ಸೆಕೆಂಡು ಸುಮ್ನೆ ತಿರುಗ್ತಾ ಇರುತ್ತೆ, ಆಮೇಲೆ ದಬಕ್ ಅಂತ ಇಡೀ ಪೇಜ್ ಒಟ್ಟಿಗೆ ಬರುತ್ತೆ. ಕೆಲವು ಸಲ ಅದೂ ಇಲ್ಲ, ಸರ್ವರ್ ಐಪಿ ಅಡ್ರೆಸ್ ಸಿಗ್ತಿಲ್ಲ ಅಂತ ಬರುತ್ತೆ, ಎರಡು ಸಲ ರಿಫ್ರೆಶ್ ಹೊಡೆದ್ರೆ ಓಪನ್ ಆಗುತ್ತೆ. ಯೂಟ್ಯೂಬ್ ವಿಡಿಯೋ ಒಮ್ಮೆ ಶುರುವಾದ್ರೆ ಎಲ್ಲೂ ನಿಲ್ಲಲ್ಲ. ಸ್ಪೀಡ್ ಟೆಸ್ಟ್ ಮಾಡಿದ್ರೆ ಅವ್ರು ಹೇಳಿದ 40 ಎಂಬಿಪಿಎಸ್ ಸರಿಯಾಗಿ ತೋರಿಸುತ್ತೆ.

ತಲೆ ಕೆಡಿಸಿರೋದು ಏನು ಅಂದ್ರೆ, ಅದೇ ರೂಟರ್ ವೈಫೈಗೆ ನನ್ನ ಮೊಬೈಲ್ ಹಾಕಿದ್ರೆ ಎಲ್ಲಾ ಸೈಟೂ ಟಕ್ ಅಂತ ಬರುತ್ತೆ. ಅದೇ ಕಂಪ್ಯೂಟರ್‌ಗೆ ಮೊಬೈಲ್ ಡೇಟಾನ ಯುಎಸ್‌ಬಿ ವಯರಲ್ಲಿ ಕೊಟ್ರೂ ಚೆನ್ನಾಗಿ ಓಡುತ್ತೆ. ಅಂದ್ರೆ ನೆಟ್ಟೂ ಸರಿ ಇದೆ ಕಂಪ್ಯೂಟರೂ ಸರಿ ಇದೆ, ಎರಡನ್ನೂ ಸೇರಿಸಿದ್ರೆ ಮಾತ್ರ ಜಗಳ, ಅತ್ತೆ ಸೊಸೆ ತರ. ಲೈನ್ ಹುಡುಗನ್ನ ಕರೆಸಿದ್ರೆ ಅವನ ಮೊಬೈಲಲ್ಲಿ ನೋಡಿ ನಮ್ ಕಡೆ ಓಕೆ ಇದೆ ಮೇಡಂ, ನಿಮ್ ಸಿಸ್ಟಮ್ ಫಾರ್ಮ್ಯಾಟ್ ಮಾಡ್ಸಿ ಅಂತ ಹೇಳಿ ಹೋದ. ಇದರಲ್ಲಿ ಎಂಟು ವರ್ಷದ ನುಡಿ ಫೈಲುಗಳಿವೆ, ಮದುವೆ ಕಾರ್ಡ್ ಡಿಸೈನ್‌ಗಳಿವೆ, ಬೆರಳಚ್ಚು ಮೆಷಿನ್ ಡ್ರೈವರ್ ಹಾಕ್ಸೋಕೇ ಮೂರು ದಿನ ಆಗಿತ್ತು, ಫಾರ್ಮ್ಯಾಟ್ ಅಂದ್ರೆ ಎದೆ ಧಸಕ್ ಅನ್ನುತ್ತೆ. ಪಕ್ಕದ ಮೊಬೈಲ್ ಅಂಗಡಿಯವರು ಡಿಎನ್‌ಎಸ್ ಫ್ಲಶ್ ಮಾಡಿ ಅಂದ್ರು. ಅದೇನು, ಹೇಗೆ, ಮಾಡಿದ್ರೆ ಫೈಲ್ ಏನಾದ್ರೂ ಹೋಗುತ್ತಾ? ದಯವಿಟ್ಟು ಸ್ವಲ್ಪ ಬಿಡಿಸಿ ಹೇಳಿ.

ಟೆಕ್_ಕಿಂಗ್_ಕೆಎ:

ಗುರು ಸಿಂಪಲ್. ಸಿಎಂಡಿ ಓಪನ್ ಮಾಡಿ ಫ್ಲಶ್‌ಡಿಎನ್‌ಎಸ್ ಹೊಡಿ, ರಿಲೀಸ್ ಹೊಡಿ, ರಿನ್ಯೂ ಹೊಡಿ, ವಿನ್‌ಸಾಕ್ ರೀಸೆಟ್ ಹೊಡಿ, ಇಂಟ್ ಐಪಿ ರೀಸೆಟ್ ಹೊಡಿ, ರೀಸ್ಟಾರ್ಟ್. ಆಗ್ಲಿಲ್ಲ ಅಂದ್ರೆ ಫಾರ್ಮ್ಯಾಟ್. ಅರ್ಧ ಗಂಟೆ ಕೆಲ್ಸ.

ಹುಬ್ಳಿ_ಅಡ್ಮಿನ್:

ತಡೀರಿ ತಡೀರಿ, ಅಷ್ಟೂ ಒಮ್ಮೆಲೇ ಹೊಡೀಬ್ಯಾಡ್ರಿ. ಇಂಟ್ ಐಪಿ ರೀಸೆಟ್ ಹೊಡದ್ರ ಕೈಲೆ ಹಾಕಿದ್ದ ಸ್ಟ್ಯಾಟಿಕ್ ಐಪಿ, ಅಂದ್ರ ಕಂಪ್ಯೂಟರಿನ ಬದಲಾಗದ ನಂಬರು, ಅಳಸಿ ಹೋಗ್ತದ, ಇನ್ನೊಂದು ಕಂಪ್ಯೂಟರಿನಿಂದ ಆ ಐಪಿ ನಂಬಿ ಪ್ರಿಂಟ್ ಕೊಡ್ತಿದ್ರ ಅದೂ ನಿಂತು ನಾಳೆ ಹೊಸಾ ಥ್ರೆಡ್ ತೆಗೀಬೇಕಾಗ್ತದ. ಒಂದೊಂದೇ ಮಾಡಿ ನೋಡ್ಬೇಕು. ಇಲ್ಲಾಂದ್ರ ಯಾವುದ್ರಿಂದ ಸರಿ ಆತು, ಯಾವುದ್ರಿಂದ ಕೆಟ್ತು ಒಂದೂ ತಿಳಿಯೂದಿಲ್ಲ.

ಫ್ಲಶ್ ಮಾಡಿದ್ರ ಫೈಲ್ ಗೀಲ್ ಏನೂ ಹೋಗೂದಿಲ್ರಿ, ಪಾಸ್‌ವರ್ಡ್ ಸುದ್ದಾ ಹೋಗೂದಿಲ್ಲ. ಮೊದಲ ಎಸ್‌ಟಿಡಿ ಬೂತ್ ಇದ್ದೂವಲ್ಲ, ನೆನಪು ಮಾಡ್ಕೋರಿ, ಫೋನಿನ ಬಾಜೂ ಗ್ವಾಡಿ ಮ್ಯಾಲೆ ಪೆನ್ಸಿಲ್ಲಿಂದ ನಂಬರ್ ಗೀಚಿರ್ತಿದ್ರು, ಗ್ಯಾಸಿನವ, ಡಾಕ್ಟ್ರು, ಟ್ಯಾಕ್ಸಿ ಅಂತ. ಪ್ರತಿ ಸಲ ಡೈರೆಕ್ಟರಿ ತಗದು ನೋಡೂದು ತಪ್ಪಲಿ ಅಂತ. ಕಂಪ್ಯೂಟರೂ ಹಂಗ. ನೀವು ಸೈಟಿನ ಹೆಸರು ಹೊಡೀತೀರಿ, ಅದಕ್ಕ ಬೇಕಾಗಿದ್ದು ನಂಬರು, ಐಪಿ ಅಡ್ರೆಸ್ಸು. ಆ ನಂಬರ್ ಹೇಳಾಂವ ಡಿಎನ್‌ಎಸ್ ಸರ್ವರು. ಒಮ್ಮೆ ಕೇಳಿ ತಿಳ್ಕೊಂಡಿದ್ದನ್ನ ಕಂಪ್ಯೂಟರ್ ತನ್ನ ಗ್ವಾಡಿ ಮ್ಯಾಲೆ ಬರಕೊಂಡಿರ್ತದ, ಅದ ಕ್ಯಾಶ್. ಎಷ್ಟು ಹೊತ್ತು ಇಟ್ಕೋಬೇಕು ಅನ್ನೂದೂ ಉತ್ತರದ ಜೋಡಿನ ಬರ್ತದ, ಟಿಟಿಎಲ್ ಅಂತಾರ, ಸೆಕೆಂಡಿನ ಲೆಕ್ಕ. 300 ಇದ್ರ ಐದು ನಿಮಿಷ, 86400 ಇದ್ರ ಒಂದು ದಿನ. ನಡುವ ಆ ಸೈಟಿನವ್ರು ನಂಬರ್ ಬದಲಿ ಮಾಡಿದ್ರ ನಿಮ್ಮ ಕಂಪ್ಯೂಟರ್ ಹಳೇ ನಂಬರಿಗೇ ಫೋನ್ ಹಚ್ಕೋತ ಕೂಡ್ತದ. ಫ್ಲಶ್ ಅಂದ್ರ ಗ್ವಾಡಿಗೆ ಸುಣ್ಣಾ ಹೊಡಿಯೂದು, ಅಷ್ಟ.

ಹೆಂಗ ಅಂದ್ರ, ಸ್ಟಾರ್ಟ್ ಒತ್ತಿ ಸಿಎಂಡಿ ಅಂತ ಹೊಡೀರಿ, ಕಮಾಂಡ್ ಪ್ರಾಂಪ್ಟ್ ಬರ್ತದ, ಅದರ ಮ್ಯಾಲೆ ರೈಟ್ ಕ್ಲಿಕ್ ಮಾಡಿ ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಕೊಡ್ರಿ. ಕರೀ ಪರದೆ ಬಂದ ಮ್ಯಾಲೆ ಐಪಿಕಾನ್ಫಿಗ್ ಅಂತ ಹೊಡದು, ಒಂದು ಸ್ಪೇಸ್ ಬಿಟ್ಟು, ಸ್ಲ್ಯಾಶ್ ಹಾಕಿ, ಸ್ಲ್ಯಾಶಿಗೆ ಅಂಟಿಸಿ ಫ್ಲಶ್‌ಡಿಎನ್‌ಎಸ್ ಅಂತ ಹೊಡದು ಎಂಟರ್ ಒತ್ರಿ. ಇಲ್ಲಿ ಕನ್ನಡದಾಗ ಬರದೀನಿ, ಅಲ್ಲಿ ಇಂಗ್ಲಿಷ್ ಅಕ್ಷರದಾಗ ಹೊಡೀಬೇಕು ಮತ್ತ. ನುಡಿ ಆನ್ ಇದ್ರ ಆಫ್ ಮಾಡ್ಕೋರಿ.

ಅಂಗಡಿ_ಸುಮಾ:

ಟೆಕ್ ಕಿಂಗ್ ಅವ್ರೇ ನಾನು ಗುರು ಅಲ್ಲ, ಬೇಕಾದ್ರೆ ಅಕ್ಕ ಅನ್ನಿ.

ಹುಬ್ಳಿ ಸರ್ ತುಂಬಾ ಥ್ಯಾಂಕ್ಸ್, ಗೋಡೆ ಲೆಕ್ಕ ಚೆನ್ನಾಗಿ ಅರ್ಥ ಆಯ್ತು. ಮೊದಲನೇ ಸಲ ಹೊಡೆದಾಗ ಏನೋ ಎರರ್ ಬಂದು ಕೆಳಗೆ ಇಷ್ಟುದ್ದ ಪಟ್ಟಿ ಬಂತು, ಏನು ಕೆಡಿಸಿಬಿಟ್ನೋ ಅಂತ ಭಯ ಆಯ್ತು. ನನ್ನ ಮಗ ಬಂದು ನೋಡಿ, ಅಮ್ಮ ನೀನು ಎಂಟರ್ ಮೇಲಿರೋ ಸ್ಲ್ಯಾಶ್ ಹೊಡೆದಿದೀಯ, ಪ್ರಶ್ನೆ ಚಿಹ್ನೆ ಇರೋ ಕೀಲಿ ಇರೋ ಸ್ಲ್ಯಾಶ್ ಹೊಡಿಬೇಕು ಅಂದ. ಹಾಗೆ ಹೊಡೆದ ಮೇಲೆ ಸಕ್ಸಸ್‌ಫುಲಿ ಫ್ಲಶ್ಡ್ ಅಂತ ಬಂತು.

ಆದ್ರೆ ಸರ್, ಈಗ ಮುಂಚೆಗಿಂತ ಹಾಳಾಗಿದೆ!! ಮುಂಚೆ ನಾವು ದಿನಾ ತೆಗೆಯೋ ನಾಕೈದು ಸೈಟ್ ಆದ್ರೂ ಬೇಗ ಬರ್ತಿತ್ತು, ಈಗ ಅವೂ ತಿರುಗ್ತಾ ಕೂತಿವೆ. ಎರಡು ಸಲ ಫ್ಲಶ್ ಮಾಡಿದೆ, ಎರಡು ಸಲಾನೂ ಹಿಂಗೇ. ಅಂಗಡಿ ಮುಂದೆ ಆರು ಜನ ನಿಂತಿದಾರೆ, ಸರ್ವರ್ ಡೌನ್ ಅಂತ ಹೇಳ್ಬಿಟ್ಟಿದೀನಿ, ಇನ್ನೇನು ಹೇಳೋದು.

ಟೆಕ್_ಕಿಂಗ್_ಕೆಎ:

ಸಾರಿ ಅಕ್ಕ. ನಾನು ಹೇಳಿದ್ನಲ್ಲ, ಫಾರ್ಮ್ಯಾಟೇ ಗತಿ.

ಕರಾವಳಿ_ಕೇಬಲ್:

ಇಲಿಗೆ ಹೆದರಿ ಮನೆಗೆ ಬೆಂಕಿ ಇಡೋದು ಯಾಕೆ ಮಾರಾಯ್ರೆ. ಅಕ್ಕ ನೀವು ಗಾಬರಿ ಆಗ್ಬೇಡಿ, ನಿಮ್ಮ ಕೆಲಸದಿಂದ ಏನೂ ಕೆಡಲಿಲ್ಲ. ನಾನು ಹನ್ನೊಂದು ವರ್ಷ ಲೈನ್ ಎಳೆದವ, ಇಂಥದ್ದು ಎಷ್ಟೋ ನೋಡಿದ್ದುಂಟು, ನಂಗಂತೂ ಫ್ಲಶ್ ಮಾಡಿ ಜಾಸ್ತಿ ಹಾಳಾಯ್ತು ಅಂತ ನೀವು ಹೇಳಿದ್ದೇ ಒಳ್ಳೇ ಸುಳಿವು ಸಿಕ್ಕಿದ ಹಾಗೆ ಆಯ್ತು.

ನೋಡಿ, ಗೋಡೆ ಮೇಲೆ ಬರೆದದ್ದು ತಪ್ಪಿದ್ರೆ, ಅಳಿಸಿದ ಮೇಲೆ ಸರಿ ಆಗ್ಬೇಕಿತ್ತು. ನಿಮ್ಮಲ್ಲಿ ಉಲ್ಟಾ ಆಗಿದೆ. ಅಂದ್ರೆ ಗೋಡೆ ಮೇಲೆ ಇದ್ದದ್ದೆಲ್ಲ ಸರಿಯೇ ಇತ್ತು, ಹಾಗಾಗಿ ದಿನಾ ತೆಗೆಯುವ ಸೈಟ್ ಬೇಗ ಬರ್ತಿತ್ತು, ಈಗ ಅದನ್ನೂ ಅಳಿಸಿ ಎಲ್ಲದಕ್ಕೂ ಹೊಸತಾಗಿ ಕೇಳ್ಲಿಕ್ಕೆ ಹೋಗ್ಬೇಕಾಗಿದೆ, ಕೇಳುವ ಜಾಗದಲ್ಲೇ ಉತ್ತರ ಕೊಡುವವ ಇಲ್ಲ. ವಿಡಿಯೋ ಯಾಕೆ ನಿಲ್ಲುದಿಲ್ಲ ಹೇಳಿ? ಒಮ್ಮೆ ನಂಬರ್ ಸಿಕ್ಕಿ ಕನೆಕ್ಷನ್ ಆದ ಮೇಲೆ ಪುನಃ ಪುನಃ ಕೇಳ್ಲಿಕ್ಕೆ ಇಲ್ಲ. ಸ್ಪೀಡ್ ಟೆಸ್ಟೂ ಹಾಗೆಯೇ, ಶುರುವಾದ ಮೇಲಿನ ಓಟವನ್ನು ಮಾತ್ರ ಅಳೆಯೋದು, ಬಾಗಿಲು ತಟ್ಟಿ ನಿಂತ ಹೊತ್ತು ಅದರ ಲೆಕ್ಕಕ್ಕೆ ಬರುದಿಲ್ಲ.

ಒಂದು ಸಣ್ಣ ಕೆಲಸ ಮಾಡಿ. ಅದೇ ಕಪ್ಪು ಪರದೆಯಲ್ಲಿ ಪಿಂಗ್ ಅಂತ ಹೊಡೆದು ಸ್ಪೇಸ್ ಬಿಟ್ಟು 8.8.8.8 ಕೊಡಿ, ರಿಪ್ಲೈ ರಿಪ್ಲೈ ಅಂತ ನಾಲ್ಕು ಸಾಲು ಬಂದ್ರೆ ಲೈನ್ ಗಟ್ಟಿ ಉಂಟು ಅಂತ ಅರ್ಥ. ಆಮೇಲೆ ಎನ್‌ಎಸ್‌ಲುಕಪ್ ಅಂತ ಹೊಡೆದು ಸ್ಪೇಸ್ ಬಿಟ್ಟು ಯಾವುದಾದ್ರೂ ಒಂದು ಸೈಟಿನ ಹೆಸರು ಕೊಡಿ, ಇದು ಗೋಡೆ ನೋಡುದಿಲ್ಲ, ಸೀದಾ ಡಿಎನ್‌ಎಸ್ ಸರ್ವರನ್ನೇ ಕೇಳ್ತದೆ. ಕೊನೆಗೆ ಐಪಿಕಾನ್ಫಿಗ್, ಸ್ಪೇಸ್, ಸ್ಲ್ಯಾಶ್ ಆಲ್. ಉದ್ದ ಬರ್ತದೆ, ಅದ್ರಲ್ಲಿ ಈಥರ್‌ನೆಟ್ ಅಡಾಪ್ಟರ್ (ನೆಟ್ ವಯರ್ ಸಿಕ್ಕಿಸುವ ಕಡೆ) ಅಂತ ಇರುವ ಭಾಗದ ಕೆಳಗೆ ಡಿಎನ್‌ಎಸ್ ಸರ್ವರ್ಸ್ ಅಂತ ಒಂದು ಸಾಲು ಉಂಟು, ಅಲ್ಲಿ ಏನು ನಂಬರ್ ಉಂಟು ಹೇಳಿ. ಡಿಫಾಲ್ಟ್ ಗೇಟ್‌ವೇ, ಅಂದ್ರೆ ನಿಮ್ಮ ರೂಟರಿನ ನಂಬರ್, ಅದೂ ಹೇಳಿ.

ಅಂಗಡಿ_ಸುಮಾ:

ಪಿಂಗ್ ಮಾಡಿದ್ದಕ್ಕೆ ನಾಲ್ಕು ರಿಪ್ಲೈ ಬಂತು. ಎನ್‌ಎಸ್‌ಲುಕಪ್ ಮಾಡಿದ್ರೆ ಡಿಎನ್‌ಎಸ್ ರಿಕ್ವೆಸ್ಟ್ ಟೈಮ್ಡ್ ಔಟ್, ಟೈಮ್‌ಔಟ್ ವಾಸ್ 2 ಸೆಕೆಂಡ್ಸ್ ಅಂತ ನಾಕೈದು ಸಲ ಬಂತು. ಡಿಫಾಲ್ಟ್ ಗೇಟ್‌ವೇ 192.168.1.1. ಡಿಎನ್‌ಎಸ್ ಸರ್ವರ್ಸ್ ಅನ್ನೋ ಕಡೆ ಎರಡು ನಂಬರ್ ಇದೆ, ಮೇಲೆ 10.10.0.5, ಕೆಳಗೆ 8.8.8.8.

ಕರಾವಳಿ_ಕೇಬಲ್:

ಸಿಕ್ಕಿದ ಕಳ್ಳ! ಆ 10.10.0.5 ನಿಮ್ಮ ಹಳೇ ಕೇಬಲ್‌ನವರದ್ದು, ಬೇಕಾದ್ರೆ ಬೆಟ್ ಕಟ್ತೇನೆ. 10ರಿಂದ ಶುರುವಾಗುವ ನಂಬರ್ ಪ್ರೈವೇಟ್ ಅಡ್ರೆಸ್, ಅವರ ನೆಟ್‌ವರ್ಕಿನ ಒಳಗೆ ಮಾತ್ರ ಬೆಲೆ, ಹೊರಗಿನಿಂದ ಅದು ಸಿಗುದೇ ಇಲ್ಲ. ಹಿಂದೆ ಕನೆಕ್ಷನ್ ಕೊಟ್ಟ ಹುಡುಗ ನಿಮ್ಮ ಕಂಪ್ಯೂಟರಲ್ಲಿ ಕೈಯಿಂದ ಟೈಪ್ ಮಾಡಿ ಇಟ್ಟಿದ್ದಾನೆ. ಲೈನ್ ಬದಲಾಯ್ತು, ಆ ನಂಬರ್ ಅಲ್ಲೇ ಉಳೀತು. ಈಗ ನಿಮ್ಮ ಕಂಪ್ಯೂಟರ್ ಪ್ರತಿ ಹೆಸರಿಗೂ ಮೊದಲು ಊರು ಬಿಟ್ಟು ಹೋದವನ ಬಾಗಿಲು ತಟ್ಟಿ, ಕಾದು ಕಾದು ಸುಸ್ತಾಗಿ, ಆಮೇಲೆ ಎರಡನೆಯವನ ಹತ್ರ, ಅಂದ್ರೆ ಗೂಗಲ್‌ನವರ 8.8.8.8 ಹತ್ರ ಹೋಗ್ತದೆ, ಅವ ತಕ್ಷಣ ಹೇಳ್ತಾನೆ, ದಬಕ್ ಅಂತ ಪೇಜ್ ಬರ್ತದೆ. ನಡುನಡುವೆ ಸ್ವಲ್ಪ ಹೊತ್ತು ಸರಿ ಇದ್ದ ಹಾಗೆ ಅನ್ನಿಸುದೂ ಉಂಟಲ್ಲ? ಮೊದಲಿನವ ಉತ್ತರ ಕೊಡ್ಲಿಲ್ಲ ಅಂತ ವಿಂಡೋಸ್ ಸ್ವಲ್ಪ ಹೊತ್ತು ಎರಡನೆಯವನನ್ನೇ ಮೊದಲು ಕೇಳ್ತದೆ, ಆಮೇಲೆ ಮರೆತು ಪುನಃ ಮೊದಲಿನವನ ಹತ್ರ.

ನಿಮ್ಮ ಅತ್ತೆ ಸೊಸೆ ಕಥೆಯೂ ಇದರಲ್ಲೇ ಬಿಡಿಸ್ತು. ಮೊಬೈಲಿಗೆ ಡಿಎನ್‌ಎಸ್ ನಂಬರ್ ಕೊಡುದು ರೂಟರ್, ಹಾಗಾಗಿ ಅದು ಸರಿ. ಕಂಪ್ಯೂಟರಿಗೆ ಯುಎಸ್‌ಬಿಯಲ್ಲಿ ಡೇಟಾ ಕೊಟ್ರೆ ಅದು ಬೇರೆಯೇ ಅಡಾಪ್ಟರ್, ಅದಕ್ಕೆ ಯಾರೂ ಕೈಯಿಂದ ಏನೂ ಹಾಕ್ಲಿಲ್ಲ, ಹಾಗಾಗಿ ಅದೂ ಸರಿ. ಈ ಸೆಟ್ಟಿಂಗ್ ಒಂದೊಂದು ಅಡಾಪ್ಟರಿಗೆ ಬೇರೆ ಬೇರೆ ಇರ್ತದೆ, ವಯರಿನ ಅಡಾಪ್ಟರಲ್ಲಿ ಮಾತ್ರ ಹಳೇ ನಂಬರ್ ಕೂತಿದೆ.

ತೆಗೆಯೋದು ಹೀಗೆ. ವಿಂಡೋಸ್ ಕೀ ಹಿಡ್ಕೊಂಡು ಆರ್ ಒತ್ತಿ, ಸಣ್ಣ ಬಾಕ್ಸ್ ಬರ್ತದೆ, ಅದ್ರಲ್ಲಿ ಎನ್‌ಸಿಪಿಎ ಡಾಟ್ ಸಿಪಿಎಲ್ ಅಂತ ಹೊಡೀರಿ. ಈಥರ್‌ನೆಟ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್. ಲಿಸ್ಟಲ್ಲಿ ಇಂಟರ್ನೆಟ್ ಪ್ರೋಟೋಕಾಲ್ ವರ್ಷನ್ 4 ಅಂತ ಉಂಟು, ಅದರ ಟಿಕ್ ತೆಗೀಬೇಡಿ, ಅದರ ಮೇಲೆ ಡಬಲ್ ಕ್ಲಿಕ್ ಮಾಡಿ. ಕೆಳಗಿನ ಅರ್ಧದಲ್ಲಿ ಅಬ್ಟೇನ್ ಡಿಎನ್‌ಎಸ್ ಸರ್ವರ್ ಅಡ್ರೆಸ್ ಆಟೋಮ್ಯಾಟಿಕಲಿ ಕೊಟ್ಟು ಓಕೆ. ಮೇಲಿನ ಅರ್ಧ, ಐಪಿ ಅಡ್ರೆಸ್ ಭಾಗ, ಮುಟ್ಟಬೇಡಿ. ಆಮೇಲೆ ಕೊನೆಗೊಮ್ಮೆ ಫ್ಲಶ್ ಹೊಡೀರಿ. ಅದಕ್ಕಿಂತ ಮೊದಲು ಹಳೇ ನಂಬರ್ ಒಂದು ಚೀಟಿಯಲ್ಲಿ ಬರೆದಿಡಿ, ನಾಳೆ ಯಾರಾದ್ರೂ ಕೇಳಿದ್ರೆ ಬೇಕಾಗ್ತದೆ.

ಅಂಗಡಿ_ಸುಮಾ:

ಅಣ್ಣಾ ಆಯ್ತು!!! ಹೊಡೆದ ತಕ್ಷಣ ಬರ್ತಿದೆ, ಮೊಬೈಲ್ ತರಾನೇ. ಮೊದಲು ಆಟೋಮ್ಯಾಟಿಕ್ ಅನ್ನೋದು ಸೆಲೆಕ್ಟ್ ಆಗಿರ್ಲಿಲ್ಲ, ನೀವು ಹೇಳಿದಂಗೆ ಕೈಯಿಂದ ಹಾಕಿದ ಎರಡು ನಂಬರೇ ಇತ್ತು. ಈಗ ಐಪಿಕಾನ್ಫಿಗ್ ಆಲ್ ಅಂತ ನೋಡಿದ್ರೆ ಡಿಎನ್‌ಎಸ್ ಸರ್ವರ್ಸ್ ಮುಂದೆ 192.168.1.1 ಒಂದೇ ಇದೆ. ನಿಂತಿದ್ದ ಆರೂ ಜನರ ಅರ್ಜಿ ಮುಗಿಸಿ ಕಳಿಸಿದೆ, ಒಬ್ರು ತಾತ ಸರ್ವರ್ ಬಂತೇನಮ್ಮ ಅಂತ ಕೇಳಿದ್ರು, ಬಂತು ತಾತ ಅಂದೆ.

ಚೀಟಿ ಅಂದ್ರಲ್ಲ, ಪೇಪರ್ ಹುಡುಕೋಕೆ ಸಿಪಿಯು ಪಕ್ಕ ಕೈ ಹಾಕಿದ್ರೆ ಡಬ್ಬದ ಮೇಲೇ ಒಂದು ಚೀಟಿ ಅಂಟಿಸಿದೆ, ಬ್ರೌನ್ ಟೇಪ್ ಹಾಕಿ, ಧೂಳು ಕೂತು ಕಂದು ಆಗೋಗಿದೆ. ಒರೆಸಿ ನೋಡಿದ್ರೆ ನೀಲಿ ಪೆನ್ನಲ್ಲಿ 10.10.0.5, ಅದರ ಕೆಳಗೆ 8.8.8.8, ಅದರ ಕೆಳಗೆ ಚೇಂಜ್ ಮಾಡಬೇಡಿ ಅಂತ ಎರಡು ಗೆರೆ ಎಳೆದು ಬರೆದಿದೆ. ಇಷ್ಟು ವರ್ಷ ದಿನಾ ಅದರ ಪಕ್ಕಾನೇ ಕೂತಿದೀನಿ!

ಟೆಕ್_ಕಿಂಗ್_ಕೆಎ:

ಫಾರ್ಮ್ಯಾಟ್ ಮಾಡಿದ್ರೂ ಸರಿ ಹೋಗ್ತಿತ್ತು ತಾನೆ? ಟೆಕ್ನಿಕಲಿ ನಾನು ಹೇಳಿದ್ದು ತಪ್ಪಲ್ಲ.

ಹುಬ್ಳಿ_ಅಡ್ಮಿನ್:

ತಪ್ಪಲ್ರಿ ಸಾಹೇಬ್ರ, ಆದ್ರ ನುಡಿ ಫೈಲ್ ನೀವು ಟೈಪ್ ಮಾಡಿ ಕೊಡ್ತಿದ್ರೇನು?

ಕರಾವಳಿ ಅವರು ಹೇಳಿದ್ದು ಪಕ್ಕಾ. ನಾನೂ ಮೊದಲಿಗೆ ಐಪಿಕಾನ್ಫಿಗ್ ಆಲ್ ಕೇಳಬೇಕಾಗಿತ್ತು, ಫ್ಲಶ್ ಅಂತ ಕೇಳಿದ್ದಕ್ಕ ಫ್ಲಶ್ ಅಷ್ಟ ಹೇಳಿಬಿಟ್ಟೆ. ಲೈನ್ ಬದಲಿ ಮಾಡಿಸೀವಿ ಅಂತ ಅಕ್ಕಾರು ಮೂರನೇ ಸಾಲಿನ್ಯಾಗ ಬರದಿದ್ರು, ನನ್ನ ಕಣ್ಣಿಗೆ ಬೀಳಲಿಲ್ಲ.

ಮಂಜ_ಮ್ಯಾಕ್‌ಬುಕ್:

ಥ್ರೆಡ್ ನೋಡಿ ನನ್ನದೂ ಒಂದು ಡೌಟ್ ಕೇಳ್ತೀನಿ, ಬೈಬೇಡಿ. ಬೆಂಗಳೂರಲ್ಲಿದೀನಿ, ಮ್ಯಾಕ್. ನಂದೊಂದು ಸಣ್ಣ ಬ್ಲಾಗು, ಅದಕ್ಕೆ ಹೊಸ ಡೊಮೇನ್ ತಗೊಂಡೆ. ತಗೊಂಡ ತಕ್ಷಣ ಆತುರಕ್ಕೆ ಓಪನ್ ಮಾಡಿ ನೋಡಿದೆ, ಇನ್ನೂ ಡಿಎನ್‌ಎಸ್ ರೆಕಾರ್ಡ್ (ಈ ಹೆಸರಿಗೆ ಈ ಐಪಿ ನಂಬರ್ ಅನ್ನೋ ನಮೂದು) ಹಾಕಿರ್ಲಿಲ್ಲ, ಸೈಟ್ ಇಲ್ಲ ಅಂತ ಬಂತು. ಆಮೇಲೆ ರೆಕಾರ್ಡ್ ಹಾಕಿದೆ. ಈಗ ನನ್ನ ಫ್ರೆಂಡ್ಸ್‌ಗೆಲ್ಲ ಓಪನ್ ಆಗ್ತಿದೆ, ನನಗೊಬ್ಬನಿಗೆ ಇಲ್ಲ. ಇಲ್ಲದೇ ಇರೋದನ್ನೂ ಕ್ಯಾಶ್ ಮಾಡ್ಕೊಳುತ್ತಾ ಇದು?

ಹುಬ್ಳಿ_ಅಡ್ಮಿನ್:

ಮಾಡ್ಕೋತದ್ರಿ! ನೆಗೆಟಿವ್ ಕ್ಯಾಶಿಂಗ್ ಅಂತಾರ ಅದಕ್ಕ. ಇಲ್ಲ ಅನ್ನೂದೂ ಒಂದು ಉತ್ತರನ, ಅದನ್ನೂ ಗ್ವಾಡಿ ಮ್ಯಾಲೆ ಬರಕೋತದ. ನಿಮ್ಮ ಕೇಸಿನ್ಯಾಗ ಫ್ಲಶ್ ಖರೇನ ಉಪಯೋಗ ಆಗ್ತದ. ಮ್ಯಾಕಿನ್ಯಾಗ ಟರ್ಮಿನಲ್ ತಗದು ಎರಡು ಕಮಾಂಡ್ ಹೊಡೀಬೇಕು. ಮೊದಲನೇದು ಸುಡೊ, ಸ್ಪೇಸ್, ಡಿಎಸ್‌ಕ್ಯಾಶ್‌ಯುಟಿಲ್, ಸ್ಪೇಸ್, ಹೈಫನ್ ಫ್ಲಶ್‌ಕ್ಯಾಶ್. ಎರಡನೇದು ಸುಡೊ, ಸ್ಪೇಸ್, ಕಿಲ್‌ಆಲ್, ಸ್ಪೇಸ್, ಹೈಫನ್ ಎಚ್‌ಯುಪಿ, ಸ್ಪೇಸ್, ಎಂಡಿಎನ್‌ಎಸ್‌ರೆಸ್ಪಾಂಡರ್. ಎಚ್‌ಯುಪಿ ಮೂರೂ ದೊಡ್ಡ ಅಕ್ಷರ, ಕೊನೇ ಹೆಸರಿನ್ಯಾಗ ಮೊದಲನೇ ಎಂ ಸಣ್ಣದು, ಡಿಎನ್‌ಎಸ್ ದೊಡ್ಡದು, ರೆಸ್ಪಾಂಡರ್‌ದು ಆರ್ ದೊಡ್ಡದು, ತಪ್ಪಿದ್ರ ಕೇಳೂದಿಲ್ಲ ಅದು. ಪಾಸ್‌ವರ್ಡ್ ಹೊಡೆಯುವಾಗ ಪರದೆ ಮ್ಯಾಲೆ ಏನೂ ಕಾಣೂದಿಲ್ಲ, ಕೀಬೋರ್ಡ್ ಕೆಟ್ತು ಅಂತ ತಿಳೀಬ್ಯಾಡ್ರಿ. ಮುಗದ ಮ್ಯಾಲೆ ಸಕ್ಸಸ್ ಅಂತಾನೂ ಏನೂ ಹೇಳೂದಿಲ್ಲ, ಸುಮ್ಮನ ಕೂಡ್ತದ, ಮ್ಯಾಕಿಗೆ ಸ್ವಲ್ಪ ಗತ್ತು ಜಾಸ್ತಿ. ಹೊಸಾ ಉಬುಂಟುದಾಗ ಆದ್ರ ರಿಸಾಲ್ವ್‌ಸಿಟಿಎಲ್, ಸ್ಪೇಸ್, ಫ್ಲಶ್ ಹೈಫನ್ ಕ್ಯಾಶಸ್.

ಇನ್ನೊಂದು, ಕ್ರೋಮ್ ತಂದ ಬ್ಯಾರೆ ಗ್ವಾಡಿ ಇಟ್ಕೊಂಡದ. ಅಡ್ರೆಸ್ ಪಟ್ಟಿಯೊಳಗ ಕ್ರೋಮ್, ಕೋಲನ್, ಎರಡು ಸ್ಲ್ಯಾಶ್, ನೆಟ್ ಹೈಫನ್ ಇಂಟರ್ನಲ್ಸ್, ಸ್ಲ್ಯಾಶ್, ಹ್ಯಾಶ್ ಡಿಎನ್‌ಎಸ್ ಅಂತ ಹೊಡದ್ರ ಕ್ಲಿಯರ್ ಹೋಸ್ಟ್ ಕ್ಯಾಶ್ ಅಂತ ಬಟನ್ ಅದ, ಅದನ್ನೂ ಒತ್ರಿ. ಇಷ್ಟಾದ್ರೂ ಆಗಲಿಲ್ಲಂದ್ರ ನಿಮ್ಮ ರೂಟರೋ ಅಥವಾ ನೆಟ್ ಕೊಡವರ ಸರ್ವರೋ ಇಲ್ಲ ಅನ್ನೂದನ್ನ ಹಿಡ್ಕೊಂಡು ಕೂತಿರ್ತದ. ರೂಟರ್ ಒಂದು ಸಲ ಆಫ್ ಆನ್ ಮಾಡಬಹುದು, ಅವರ ಸರ್ವರ್ ನಮ್ಮ ಕೈಯಾಗಿಲ್ಲ, ಕಾಯಬೇಕು. ಆ ಸೈಟನ್ನ ಮೊಬೈಲ್ ಡೇಟಾದಾಗ ತಗದು ನೋಡ್ರಿ, ಅಲ್ಲಿ ಬಂದ್ರ ರೆಕಾರ್ಡ್ ಸರಿ ಅದ ಅಂತ ಆತು.

ಮುಂದ ಹೋಸ್ಟಿಂಗ್, ಅಂದ್ರ ಸೈಟ್ ಇಟ್ಟಿರೂ ಸರ್ವರ್, ಬದಲಿ ಮಾಡೂದಿದ್ರ ಟಿಟಿಎಲ್ 86400 ಇದ್ರ ಅದನ್ನ ಒಂದೆರಡು ದಿನ ಮೊದಲ 300ಕ್ಕ ಇಳಿಸಿಡ್ರಿ. ಹಳೇ ನಂಬರ್ ಬರಕೊಂಡವರೆಲ್ಲ ಬೇಗ ಮರೀತಾರ. ಬದಲಿ ಮಾಡಿದ ಮ್ಯಾಲೆ ಇಳಿಸಿದ್ರ ಉಪಯೋಗ ಇಲ್ಲ, ಆಗಲೇ ಬರಕೊಂಡವರ ಗ್ವಾಡಿ ನಾವು ಹೋಗಿ ಅಳಸಾಕ ಆಗೂದಿಲ್ಲ.

ಮಂಜ_ಮ್ಯಾಕ್‌ಬುಕ್:

ಮ್ಯಾಕ್ ಎರಡು ಕಮಾಂಡ್ ಹೊಡೆದ್ರೂ ಬರ್ಲಿಲ್ಲ, ಕ್ರೋಮ್ ಬಟನ್ ಒತ್ತಿದ ಮೇಲೆ ಬಂತು. ಥ್ಯಾಂಕ್ಸ್ ಸರ್. ಇನ್ನೊಂದು, ಆಫೀಸಲ್ಲಿ ಯಾರೋ ಹೋಸ್ಟ್ಸ್ ಫೈಲ್ ನೋಡು ಅಂತಿದ್ರು, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಹುಬ್ಳಿ_ಅಡ್ಮಿನ್:

ಅದು ಇದರ ಅಜ್ಜ. ಡಿಎನ್‌ಎಸ್ ಹುಟ್ಟೂಕಿಂತ ಮೊದಲ ಇಡೀ ನೆಟ್‌ವರ್ಕಿನ ಕಂಪ್ಯೂಟರ್‌ಗಳ ಹೆಸರು ನಂಬರ್ ಎಲ್ಲಾ ಹೋಸ್ಟ್ಸ್ ಡಾಟ್ ಟಿಎಕ್ಸ್‌ಟಿ ಅನ್ನೂ ಒಂದ ಫೈಲಿನ್ಯಾಗ ಇರ್ತಿದ್ದೂ, ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನವರು ಅದನ್ನ ನೋಡ್ಕೋತಿದ್ರು, ಉಳದವರು ಅಲ್ಲಿಂದ ಕಾಪಿ ತಗೋಬೇಕು. ಹೆಸರು ಹೆಚ್ಚಾಗಿ ಆ ಫೈಲ್ ತಡಕೊಳ್ಳಲಿಲ್ಲ, 1983ರಾಗ ಪಾಲ್ ಮೊಕಾಪೆಟ್ರಿಸ್ ಅನ್ನವರು ಡಿಎನ್‌ಎಸ್ ಮಾಡಿದ್ರು, ಒಬ್ಬರ ಕೈಯಾಗಿದ್ದ ಪಟ್ಟಿ ಹಂಚಿಹೋತು. ಆದ್ರ ಅಜ್ಜ ಸತ್ತಿಲ್ಲ. ನಿಮ್ಮ ಮ್ಯಾಕಿನ್ಯಾಗ ಇಟಿಸಿ ಫೋಲ್ಡರಿನ್ಯಾಗ ಅದಾನ, ವಿಂಡೋಸಿನ್ಯಾಗ ಸಿಸ್ಟಮ್32, ಡ್ರೈವರ್ಸ್, ಇಟಿಸಿ ಅಂತ ಒಳಗ ಹೋದ್ರ ಹೋಸ್ಟ್ಸ್ ಅಂತ ಕೂತಾನ. ಅದರಾಗ ಬರದಿಟ್ಟ ಹೆಸರಿಗೆ ಕಂಪ್ಯೂಟರ್ ಡಿಎನ್‌ಎಸ್ ಸರ್ವರ್ ತನಕ ಹೋಗೂದೇ ಇಲ್ಲ. ಎಷ್ಟು ಫ್ಲಶ್ ಹೊಡದ್ರೂ ಒಂದ ಒಂದು ಸೈಟ್ ಮಾತ್ರ ಬರವಲ್ದು ಅಂದ್ರ ಅಲ್ಲೊಮ್ಮೆ ಇಣುಕಿ ನೋಡ್ರಿ. ಕ್ರ್ಯಾಕ್ ಸಾಫ್ಟ್‌ವೇರ್ ಹಾಕಿದ ಕಂಪ್ಯೂಟರಿನ್ಯಾಗ ಅಲ್ಲಿ ಭಾಳ ಸಾಲು ತುಂಬಿರ್ತಾವ, ಯಾಕಂತ ನಾ ಹೇಳೂದು ಬ್ಯಾಡ.

ಕರಾವಳಿ_ಕೇಬಲ್:

ಅಕ್ಕ ಒಂದು ಮಾತು ಹೇಳ್ಲಿಕ್ಕೆ ಮರೆತೆ. ರೂಟರಿನ ಪಾಸ್‌ವರ್ಡ್ ಇನ್ನೂ ಅಡ್ಮಿನ್ ಅಡ್ಮಿನ್ ಅಂತಲೇ ಇದ್ರೆ ಬದಲಾಯಿಸಿ. ಈಗ ನಿಮ್ಮ ಕಂಪ್ಯೂಟರ್ ರೂಟರ್ ಹೇಳಿದ್ದನ್ನೇ ನಂಬ್ತದೆ, ರೂಟರ್ ಒಳಗೆ ಯಾರಾದ್ರೂ ನುಗ್ಗಿ ಡಿಎನ್‌ಎಸ್ ನಂಬರ್ ಬದಲಿಸಿದ್ರೆ ಬ್ಯಾಂಕ್ ಸೈಟಿನ ಹೆಸರು ಹೊಡೆದ್ರೂ ಬೇರೆಲ್ಲೋ ಹೋಗಿ ಕೂರ್ತದೆ. ಡಿಎನ್‌ಎಸ್ ಚೇಂಜರ್ ಅಂತಲೇ ಒಂದು ಮಾಲ್‌ವೇರ್ ಇತ್ತು, ಕಂಪ್ಯೂಟರಿನ ಡಿಎನ್‌ಎಸ್ ಸೆಟ್ಟಿಂಗನ್ನೇ ಬದಲಿಸ್ತಿತ್ತು, 2011ರಲ್ಲಿ ಅಮೆರಿಕದ ಎಫ್‌ಬಿಐ ಅದರ ಹಿಂದಿದ್ದವರನ್ನು ಹಿಡಿದದ್ದು. ಆದ್ರೆ ಆ ಕಳ್ಳ ಸರ್ವರ್‌ಗಳನ್ನು ತಟ್ಟಂತ ಆಫ್ ಮಾಡ್ಲಿಕ್ಕೂ ಆಗ್ಲಿಲ್ಲ, ಲಕ್ಷಗಟ್ಟಲೆ ಜನರ ಕಂಪ್ಯೂಟರ್ ಅದನ್ನೇ ಕೇಳ್ತಿತ್ತಲ್ಲ. ಅದರ ಜಾಗದಲ್ಲಿ ಒಳ್ಳೇ ಸರ್ವರ್ ಇಟ್ಟು ನಡೆಸಿ 2012ರ ಜುಲೈ 9ಕ್ಕೆ ಬಂದ್ ಮಾಡಿದ್ರು. ನಿಮ್ಮ 10.10.0.5 ಪಾಪದವ, ಸುಮ್ಮನೆ ಉತ್ತರ ಕೊಡ್ತಿರ್ಲಿಲ್ಲ ಅಷ್ಟೇ.

ಅಂಗಡಿ_ಸುಮಾ:

ಸರಿ ಅಣ್ಣ, ಪಾಸ್‌ವರ್ಡ್ ಇವತ್ತು ಸಂಜೆ ಮಗ ಬಂದ ಮೇಲೆ ಚೇಂಜ್ ಮಾಡ್ಸ್ತೀನಿ. ಹಳೇ ಚೀಟಿ ಕೀಳ್ಲಿಲ್ಲ, ಚೇಂಜ್ ಮಾಡಬೇಡಿ ಅನ್ನೋದನ್ನ ಹೊಡೆದು ಹಾಕಿ ಅದರ ಪಕ್ಕ ಆಟೋಮ್ಯಾಟಿಕ್ ಅಂತ ಬರೆದು ಡೇಟ್ ಹಾಕಿದೀನಿ.

ನಾಗು_ತಿಪಟೂರು:

ಸೇಮ್ ಪ್ರಾಬ್ಲಮ್ ನಂಗೂ. ಫ್ಲಶ್ ಮಾಡ್ದೆ ಆಗ್ಲಿಲ್ಲ. ಹೆಲ್ಪ್ ಮಾಡಿ ಅರ್ಜೆಂಟ್.

ಕರಾವಳಿ_ಕೇಬಲ್:

ಐಪಿಕಾನ್ಫಿಗ್ ಸ್ಲ್ಯಾಶ್ ಆಲ್. ಡಿಎನ್‌ಎಸ್ ಸರ್ವರ್ಸ್ ಅನ್ನುವ ಸಾಲು ಹಾಕಿ. ಮತ್ತೆ ಇತ್ತೀಚೆಗೆ ಲೈನ್ ಬದಲಾಯಿಸಿದ್ದುಂಟಾ?